ಮಣಿಕಟ್ಟಿನ ಪಟ್ಟಿ

ಎಕ್ಸೆಟರ್
ಭಾನುವಾರ, 17 ಅಕ್ಟೋಬರ್ 1993

ಪ್ರೀತಿಯ ಅಜ್ಜನಿಗೆ,

ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ. ರೈಲು ಹತ್ತಿಸುವಾಗ ನೀವು ಹೇಳಿದ್ದಿರಿ, "ಹೇಳೋಕೆ ಏನಾದ್ರೂ ಇದ್ರೆ ಬರಿ, ಸುಮ್ನೆ ಅಂಚೆಯವನಿಗೆ ಕೆಲಸ ಕೊಡ್ಬೇಡ" ಎಂದು. ಹೇಳುವುದಕ್ಕೆ ಏನೂ ಇಲ್ಲ. ಆದರೆ ಒಂಬತ್ತು ವರ್ಷ ಹಾಸ್ಟೆಲಿನಲ್ಲಿ ಭಾನುವಾರದ ಊಟವಾದ ಮೇಲೆ ಸಾಲಾಗಿ ಕೂರಿಸಿ ಪತ್ರ ಬರೆಸುತ್ತಿದ್ದರಲ್ಲ, ಈಗಲೂ ಆ ಹೊತ್ತಿಗೆ ಕೈ ತಾನಾಗಿಯೇ ಪೆನ್ನು ಹುಡುಕುತ್ತದೆ. ಇಲ್ಲಿ ಬರೆದದ್ದನ್ನು ವಾರ್ಡನ್ ಓದುವುದಿಲ್ಲ. ಅದಕ್ಕೇ ಏನು ಬರೆಯಬೇಕೆಂದು ತಿಳಿಯದೆ ಎರಡು ಹಾಳೆ ಹರಿದೆ.

ನಾನು ಚೆನ್ನಾಗಿದ್ದೇನೆ. ಊಟ ಮಾಡುತ್ತಿದ್ದೇನೆ. ಇಲ್ಲಿ ವಿಶ್ವವಿದ್ಯಾಲಯದ ಹುಡುಗಿಯರು ಎಲ್ಲಿಯವಳು ಎಂದು ಕೇಳುತ್ತಾರೆ. ಉತ್ತರದ ಆಸ್‌ಗಿಲ್ ಎನ್ನುತ್ತೇನೆ. ಅಲ್ಲ, ನಿಜವಾಗಿ ಎಲ್ಲಿಯವಳು ಎನ್ನುತ್ತಾರೆ. ಅಪ್ಪ ಫಿಜಿ ದ್ವೀಪದವರು, ರಗ್ಬಿ ಲೀಗ್ ಆಡಲು ಆಸ್‌ಗಿಲ್‌ಗೆ ಬಂದು ನಮ್ಮ ಅಮ್ಮನನ್ನು ಮದುವೆಯಾದರು ಎಂದರೆ, "ಓ, ಹಾಗಾದ್ರೆ ಅರ್ಧ ಇಂಗ್ಲಿಷ್" ಎನ್ನುತ್ತಾರೆ. ಉಳಿದರ್ಧ ಯಾವುದೆಂದು ಯಾರೂ ಕೇಳುವುದಿಲ್ಲ. ನಮ್ಮ ಆಟದ ಹೆಸರನ್ನೇ ಕೇಳಿಲ್ಲ ಇವರು.

ಅಣ್ಣ ಹೇಗಿದ್ದಾನೆ? ಗುರುವಾರ ಕ್ಲಬ್ಬಿನಿಂದ ಫೋನ್ ಮಾಡಿದ್ದ. ಪಕ್ಕದ ಮನೆಯ ಎನಿಡ್ ಅತ್ತೆಯ ಬೆಕ್ಕು ಐದು ಮರಿ ಹಾಕಿದ ಸುದ್ದಿ ಹೇಳಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಹೇಳಿದ, ಮೊದಲ ಸಲದಷ್ಟೇ ಖುಷಿಯಿಂದ. ತಮಾಷೆಗೆ ಇರಬೇಕು. ಆದರೂ ಕೇಳಬೇಕೆನಿಸಿತು.

ನಿಮ್ಮ,
ಲಿತಿಯಾ

—

ಆಸ್‌ಗಿಲ್
24 ಅಕ್ಟೋಬರ್ 1993

ಲಿತಿಯಾ ಮಗಳೇ,

ಕ್ಷಮೆ ಗಿಮೆ ಎಲ್ಲ ಬೇಡ. ಮಗ್ಗದ ಸದ್ದಿಗೆ ಕಿವಿ ಹೋದ ಮೇಲೆ ಫೋನನ್ನು ಕಿತ್ತು ಹಾಕಿಸಿದವನು ನಾನೇ. ಎದುರಿಗಿದ್ದವರ ತುಟಿ ಓದುತ್ತೇನೆ, ದೂರದವರ ಮಾತು ಕೇಳಬೇಕೆಂದರೆ ಅದು ಕಾಗದದ ಮೇಲೇ ಬರಬೇಕು. ಸರಿಯಾಗಿ ಊಟ ಮಾಡು. ಆ ಕಡೆಯವರಿಗೆ ಕುರಿ ಮಾಂಸ ಬೇಯಿಸಲು ಬರುವುದಿಲ್ಲ ಎಂದು ಕೇಳಿದ್ದೇನೆ.

ಸಿಕೇಲಿಗೇನು, ನಿನ್ನ ಅಣ್ಣ ಗಟ್ಟಿಯಾಗಿದ್ದಾನೆ. ಮೂರನೆಯ ತಾರೀಕಿನ ಆಟದಲ್ಲಿ ಎದುರಾಳಿಯ ಮಂಡಿ ತಲೆಗೆ ಬಡಿದು ಎರಡು ನಿಮಿಷ ಮಲಗಿದ್ದ. ಒದ್ದೆ ಸ್ಪಂಜು ಹಾಕಿದರು, ಡಾಕ್ಟರು ಕೂತು ಏನೋ ಕೇಳಿದರು, ಇವನು ಏನೋ ಹೇಳಿದ, ಎದ್ದ. ಮೈದಾನದ ಸುತ್ತಲಿನ ಮೆಟ್ಟಿಲ ಮೇಲೆ ನಿಂತು ನೋಡುವ ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಿಮ್ಮಪ್ಪನೂ ಹಾಗೆಯೇ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವನನ್ನು ಹೊತ್ತುಕೊಂಡು ಹೊರಗೆ ತಂದದ್ದಿಲ್ಲ.

ನನಗೆ ಸಿಟ್ಟಿರುವುದು ಉಳಿದವರ ಮೇಲೆ. ಒಂಬತ್ತು ಆಟ, ಒಂದು ಗೆಲುವು. ಸೋಲುವುದಕ್ಕೆ ನಾನು ಹೆದರುವವನಲ್ಲ, ಐವತ್ತೆಂಟು ವರ್ಷದಿಂದ ಆಸ್‌ಗಿಲ್ ಸೋಲುವುದನ್ನು ನೋಡುತ್ತಿದ್ದೇನೆ. ಆದರೆ ಮನಸ್ಸಿಲ್ಲದೆ ಸೋಲುವುದನ್ನು ನೋಡಿರಲಿಲ್ಲ. ಎನಿಡ್ ಕೂಗಿದಳು, "ಏಯ್, ನಿಮ್ಮ ಅಂಗಿ ನನಗೆ ಕೊಡ್ರೋ, ಅರವತ್ತೆರಡಾದ್ರೂ ನಾನು ಇದಕ್ಕಿಂತ ಜೋರಾಗಿ ಓಡ್ತೀನಿ." ಸುತ್ತಲಿನವರೆಲ್ಲ ನಕ್ಕರು. ನಗುವಿನಲ್ಲಿ ನಗು ಇರಲಿಲ್ಲ.

ಒಂದು ತಮಾಷೆ ಹೇಳುತ್ತೇನೆ. ಹಿಡಿದು ಬೀಳಿಸಿದ ಮೇಲೆ ಎದ್ದು ಚೆಂಡನ್ನು ನೆಲಕ್ಕಿಟ್ಟು ಕಾಲಿನಿಂದ ನಮ್ಮವನ ಕಡೆಗೆ ಹಿಂದಕ್ಕೆ ಉರುಳಿಸಬೇಕಲ್ಲ? ಸಿಕೇಲಿ ಹೋದ ವಾರ ಎದ್ದು, ನಮ್ಮದೇ ಗೋಲುಕಂಬದ ಕಡೆಗೆ ಮುಖ ಮಾಡಿ ನಿಂತು, ಎದುರಾಳಿಗೆ ಉರುಳಿಸಿಬಿಟ್ಟ. "ಈ ಸಲದ ಗೆಲುವಿಗೆ ಅದೇ ದಾರಿ ಇರ್ಬೇಕು" ಎಂದನಂತೆ ಯಾರೋ. ಮನೆಯಲ್ಲಿ ಕೇಳಿದರೆ, "ಕೆಸರು ಅಜ್ಜ, ಕಣ್ಣಿಗೆ ಕೆಸರು" ಅಂದ.

ಅಜ್ಜ,
ಕ್ಲಿಫರ್ಡ್ ಸಗ್ಡನ್

(ಪೂರ್ತಿ ಹೆಸರು ಅಭ್ಯಾಸಬಲದಿಂದ. ಅಭಿಮಾನಿ ಸಂಘದ ಪತ್ರಗಳಿಗೆ ರುಜು ಹಾಕಿ ಹಾಕಿ.)

—

ಆಸ್‌ಗಿಲ್
14 ನವೆಂಬರ್ 1992

ಲಿತಿ,

ಫೋನಿನಲ್ಲಿ ಹೇಳಲಾಗದ್ದು. ಕ್ಲಬ್ಬಿನ ಫೋನ್ ಇರುವುದು ಕಚೇರಿಯ ಬಾಗಿಲಲ್ಲಿ, ಕಾರ್ಯದರ್ಶಿಯ ಕಿವಿ ಅಲ್ಲೇ ಇರುತ್ತದೆ. ನೀನು ನಾಲ್ಕು ಸಲ ಕೇಳಿದೆ, ಅದಕ್ಕೆ ಬರೆಯುತ್ತಿದ್ದೇನೆ. ಓದಿ ಹರಿದು ಹಾಕು.

ತಲೆ ಸ್ವಲ್ಪ ಸರಿ ಇಲ್ಲ. ಅಂಥದ್ದೇನಲ್ಲ. ಬೆಳಕು ಚುಚ್ಚುತ್ತದೆ. ಅಡುಗೆಮನೆಗೆ ಹೋಗಿ ಯಾಕೆ ಬಂದೆ ಎಂದು ನಿಂತುಬಿಡುತ್ತೇನೆ. ಎಲ್ಲರಿಗೂ ಆಗುತ್ತದೆ ಎಂದು ಹುಡುಗರು ಹೇಳುತ್ತಾರೆ. ಆದರೆ ತಲೆಗೆ ಬಿದ್ದಾಗ ಡಾಕ್ಟರು ಓಡಿ ಬಂದು ನಾಲ್ಕು ಪ್ರಶ್ನೆ ಕೇಳುತ್ತಾರೆ. ಇದು ಯಾವ ಮೈದಾನ? ಎದುರಾಳಿ ಯಾರು? ಮೊದಲರ್ಧವೋ ಎರಡನೆಯದೋ? ಹೋದ ವಾರ ಯಾರ ಮೇಲೆ ಆಡಿದೆ? ಒಂದು ತಪ್ಪಿದರೂ ಹೊರಗೆ. ಮೂರು ವಾರ ಆಡುವಂತಿಲ್ಲ. ಎರಡು ಸಲ ಹಾಗಾದರೆ ವಸಂತದಲ್ಲಿ ಕರೆದು, ಬಹಳ ಉಪಕಾರವಾಯಿತು, ಹೋಗಿ ಬನ್ನಿ ಎನ್ನುತ್ತಾರೆ.

ಹಳೆಯವರು ಒಂದು ಉಪಾಯ ಹೇಳಿಕೊಟ್ಟಿದ್ದಾರೆ. ಆಟಕ್ಕೆ ಮುಂಚೆ ಎಡ ಮಣಿಕಟ್ಟಿಗೆ ಬಿಳಿ ಪಟ್ಟಿ ಸುತ್ತುತ್ತೇವಲ್ಲ, ಅದರ ಮೇಲೆ, ಅಂಗೈ ಬದಿಯ ಮಗ್ಗುಲಿಗೆ, ಪೆನ್ನಿನಲ್ಲಿ ಬರೆದುಕೊಳ್ಳುವುದು. ಮೈದಾನ, ಎದುರಾಳಿ, ಹೋದ ವಾರದವರು. ಮೊದಲರ್ಧ ನಾವು ಯಾವ ಕಡೆಗೆ ಓಡಬೇಕು ಎಂದು ಒಂದು ಬಾಣದ ಗುರುತು. ಡಾಕ್ಟರು ಕೂರುವಷ್ಟರಲ್ಲಿ ಕೈ ಹೀಗೆ ಹಣೆಗಿಟ್ಟುಕೊಂಡರೆ ಎಲ್ಲವೂ ಕಣ್ಣ ಮುಂದೆ. ಹೋದ ತಿಂಗಳು ಎರಡು ಸಲ ಪಾಸಾದೆ. ಪರೀಕ್ಷೆಯಲ್ಲಿ ನೀನೊಬ್ಬಳೇ ಬುದ್ಧಿವಂತೆ ಅಂದುಕೊಂಡಿದ್ದೀಯಾ?

ಅಜ್ಜನಿಗೆ ಹೇಳಬೇಡ. ಈ ಊರಿನಲ್ಲಿ ನನ್ನ ಹೆಸರನ್ನು ಸರಿಯಾಗಿ ಹೇಳಲು ಜನ ಕಲಿತದ್ದು ಭಾನುವಾರ ಮೂರು ಗಂಟೆಗೆ. ಅದು ಹೋದರೆ ನಾನು ಯಾರು? ಮತ್ತೆ ಹಾಸ್ಟೆಲಿನ ಹುಡುಗ. ಗಂಜಿಯ ಮೇಲೆ ಆಣೆ ಇಡು.

ಸಿಕೇಲಿ

—

ಎಕ್ಸೆಟರ್
17 ನವೆಂಬರ್ 1993

ಅಣ್ಣಾ,

ಹರಿದು ಹಾಕಲಿಲ್ಲ. ಕ್ಷಮಿಸು. ನೀನು ಹಾಕಿದ ತಾರೀಕು ನೋಡಿಕೊಂಡೆಯಾ? ಹೋದ ವರ್ಷದ್ದು. ಹತ್ತು ಸಲ ಓದಿದೆ, ಪ್ರತಿ ಸಲವೂ ಆ ಅಂಕಿಯ ಮೇಲೆ ಕಣ್ಣು ನಿಂತಿತು.

ಬೇಸಿಗೆಯಲ್ಲಿ ನಾನು ಫಿಜಿಯ ಸುವಾಗೆ ಹೋಗಿ ಅಪ್ಪನನ್ನು ನೋಡಿ ಬಂದಾಗ "ಚೆನ್ನಾಗಿದ್ದಾರೆ" ಎಂದಿದ್ದೆ. ಅದು ಸುಳ್ಳು. ಅಪ್ಪ ಹಿತ್ತಲಲ್ಲಿ ಕೂತು ಮರಗೆಣಸು ಹೆರೆಯುತ್ತಿದ್ದರು. ಸಿಪ್ಪೆ ಹೋದದ್ದನ್ನೇ ಮತ್ತೆ ಕೈಗೆತ್ತಿಕೊಂಡು ಹೆರೆಯುತ್ತಿದ್ದರು. ಮತ್ತೆ ಮತ್ತೆ. ಕೊನೆಗೆ ಕೈಯಲ್ಲಿ ಏನೂ ಉಳಿಯಲಿಲ್ಲ, ಚಾಕು ಮಾತ್ರ ಓಡುತ್ತಿತ್ತು. ಸೋದರತ್ತೆ ಬಂದು ಮೆಲ್ಲಗೆ ಚಾಕು ತೆಗೆದುಕೊಂಡರು. ಮೂರು ವಾರವೂ ನನ್ನನ್ನು ಅಮ್ಮನ ಹೆಸರಿನಿಂದ ಕರೆದರು. "ಮೋಯ್ರಾ, ಬಸ್ಸು ಎಷ್ಟು ಹೊತ್ತಿಗೆ, ಇವತ್ತು ಆಟ ಯಾರ ಮೇಲೆ?" ಎಂದು ಕೇಳುತ್ತಿದ್ದರು. ಅವರಿಗೆ ಐವತ್ತೊಂದು ವರ್ಷ. ಅಜ್ಜನಿಗೆ ಹೇಳಲಿಲ್ಲ. ಅಜ್ಜನ ಕೋಣೆಯ ಗೋಡೆಯ ಮೇಲೆ ಅಪ್ಪ ಇನ್ನೂ ಚೆಂಡು ಹಿಡಿದುಕೊಂಡು ಓಡುತ್ತಿದ್ದಾರೆ, ಅದಕ್ಕೆ.

ಡಾಕ್ಟರಿಗೆ ಹೇಳು. ನೀನೇ ಹೇಳು. ನೀನು ಹೇಳುತ್ತೀಯ ಎಂದು ಮಾತು ಕೊಟ್ಟರೆ ನಾನು ಆಣೆ ಇಡುತ್ತೇನೆ.

ನೆನಪಿದೆಯಾ, ವಾರ್ಡನ್ ಓದಿದರೂ ತಿಳಿಯಬಾರದೆಂದು ನಾವು ಮಾಡಿಕೊಂಡ ಮಾತು? ಅಮ್ಮ ತೀರಿಕೊಂಡ ವರ್ಷ, ನನಗೆ ಒಂಬತ್ತು. "ಇಲ್ಲಿ ಗಂಜಿ ಚೆನ್ನಾಗಿದೆ" ಎಂದು ಬರೆದೆ. ಅಂದರೆ, ಹೆದರಿಕೆಯಾಗುತ್ತಿದೆ, ಬಂದು ಕರೆದುಕೊಂಡು ಹೋಗು. ನೀನು ಹುಡುಗರ ಹಾಸ್ಟೆಲಿನಿಂದ ಹನ್ನೊಂದು ಮೈಲಿ ನಡೆದು ಬಂದೆ. ಬೆತ್ತದ ಏಟೂ ತಿಂದೆ. ನಿನಗೂ ಹಾಗನಿಸಿದ ದಿನ ಬೇರೇನೂ ಬರೆಯಬೇಡ. ಅಷ್ಟೇ ಬರಿ. ನಾನು ಬರುತ್ತೇನೆ.

ಲಿತಿ

—

ಆಸ್‌ಗಿಲ್
5 ಡಿಸೆಂಬರ್ 1993

ಲಿತಿಯಾ ಮಗಳೇ,

ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಎನಿಡ್ ಹತ್ತಿರ ಹೇಳಿದರೆ ಸಂಜೆಯೊಳಗೆ ಊರಿಗೆ ಗೊತ್ತಾಗುತ್ತದೆ. ಊರಿಗೆ ಆಗಲೇ ಗೊತ್ತಿದೆ, ಅದು ಬೇರೆ.

ಸಿಕೇಲಿಗೆ ಆಡುವ ಮನಸ್ಸಿಲ್ಲ. ಅಕ್ಟೋಬರ್‌ನಲ್ಲಿ ನಾನೇ ಅವನ ಪರ ನಿಂತಿದ್ದೆ. ಈಗ ಬಾಯಿ ತೆರೆಯಲಾಗುವುದಿಲ್ಲ. ಹಿಡಿದು ಬೀಳಿಸಬೇಕಾದವನು ಪಕ್ಕದಲ್ಲೇ ಹಾದು ಹೋದರೂ ಬಾಗಿಲಲ್ಲಿ ನಿಂತ ನೆಂಟನ ಹಾಗೆ ನೋಡುತ್ತಾನೆ. ಅದಕ್ಕಿಂತ ಕೆಟ್ಟದ್ದು ಒಂದಿದೆ, ಹೇಳಲು ನಾಚಿಕೆಯಾಗುತ್ತದೆ. ಆಟದ ನಡುವೆ ಕೈ ಎತ್ತಿ ಗಡಿಯಾರ ನೋಡಿಕೊಳ್ಳುತ್ತಾನೆ. ಗಡಿಯಾರ ಇಲ್ಲ, ಪಟ್ಟಿ ಕಟ್ಟಿರುತ್ತಾನೆ. ಆದರೂ ಪಾಳಿ ಮುಗಿಯಲು ಕಾಯುವ ಗಿರಣಿಯವನಂತೆ ಮತ್ತೆ ಮತ್ತೆ ಮಣಿಕಟ್ಟು ನೋಡುತ್ತಾನೆ. ಮೆಟ್ಟಿಲ ಮೇಲಿನವರ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ? ಈಗ ಅವನು ಕೈ ಎತ್ತಿದ ಕೂಡಲೇ ಇಡೀ ಮೆಟ್ಟಿಲು ಒಂದೇ ದನಿಯಲ್ಲಿ, "ಸಿಕೇಲಿ, ಟೈಮೆಷ್ಟಪ್ಪಾ?" ಎಂದು ಕೂಗುತ್ತದೆ. ನನಗೆ ಕಿವಿ ಕೇಳಿಸದಿದ್ದರೂ ಬಾಯಿಗಳು ಕಾಣಿಸುತ್ತವಲ್ಲ.

ಮೊನ್ನೆ ಬೇಲಿಯ ಹತ್ತಿರ ಒಬ್ಬ, "ಏಯ್ ಸಿಕೇಲಿ, ಬಸ್ಸು ತಪ್ಪೋಯ್ತೇನೋ? ನಿಮ್ಮಪ್ಪ ಬಿದ್ರೆ ನೆಲ ಅಲ್ಲಾಡ್ತಿತ್ತು, ನೀನು ನಿಂತ್ರೂ ನಿದ್ದೆ ಮಾಡ್ತೀಯಲ್ಲೋ" ಎಂದನಂತೆ. ಎನಿಡ್ ಚೀಟಿಯಲ್ಲಿ ಬರೆದು ತೋರಿಸಿದಳು. ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಳು: "ತಪ್ಪಾಗಿ ತಿಳ್ಕೋಬೇಡ ಕ್ಲಿಫ್, ಅವನು ಹೇಳಿದ್ದು ಸುಳ್ಳೂ ಅಲ್ಲ."

ಮನೆಯಲ್ಲಿ ಮಾತು ಕಡಿಮೆ. ಊಟಕ್ಕೆ ಕೂತಾಗ ಪರದೆ ಎಳೆದುಬಿಡುತ್ತಾನೆ. ನನ್ನ ಮುಖ ನೋಡಲು ಇಷ್ಟವಿಲ್ಲವೋ ಏನೋ. ಯಾವುದಾದರೂ ಹುಡುಗಿಯ ವಿಷಯ ಇರಬಹುದೇ? ನಿನಗೆ ಏನಾದರೂ ಹೇಳಿದ್ದಾನೆಯೇ?

ಕ್ರಿಸ್‌ಮಸ್‌ಗೆ ಬಾ. ನಿನ್ನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ.

ಅಜ್ಜ

—

ಎಕ್ಸೆಟರ್
9 ಜನವರಿ 1994

ಪ್ರೀತಿಯ ಅಜ್ಜನಿಗೆ,

ಡಿಸೆಂಬರ್ ಇಪ್ಪತ್ತೆಂಟಕ್ಕೇ ಹೊರಟು ಬಂದದ್ದಕ್ಕೆ ಕ್ಷಮಿಸಿ. ಪ್ರಬಂಧ ಒಪ್ಪಿಸಬೇಕಿತ್ತು ಎಂದಿದ್ದೆ. ಇಲ್ಲಿ ಬಂದು ನೋಡಿದರೆ ಗ್ರಂಥಾಲಯಕ್ಕೆ ಬೀಗ. ಹಾಲಿನ ಪುಡಿ, ಬಿಸ್ಕತ್ತಿನಲ್ಲಿ ಒಂದು ವಾರ ಕಳೆದೆ.

ಹಿತ್ತಲಲ್ಲಿ ನಾನು ಅಣ್ಣನ ಮೇಲೆ ಕೂಗಿದ್ದನ್ನು ನೀವು ಕಿಟಕಿಯಿಂದ ನೋಡಿದಿರಿ ಎಂದು ಗೊತ್ತು. ಏನು ವಿಷಯ ಎಂದು ನೀವು ಕೇಳಿದಾಗ, ಅಪ್ಪನಿಗೆ ಅವನು ಪತ್ರ ಬರೆಯುವುದಿಲ್ಲ ಎಂದು ಜಗಳ ಅಂದೆ. ಅಷ್ಟೇ ಅಲ್ಲ. ಆದರೆ ಯಾರಿಗೂ ಹೇಳುವುದಿಲ್ಲ ಎಂದು ನವೆಂಬರ್‌ನಲ್ಲೇ ಅವನಿಗೆ ಮಾತು ಕೊಟ್ಟಿದ್ದೇನೆ. ಮಾತು ಮುರಿದರೆ ಇನ್ನು ಜನ್ಮದಲ್ಲಿ ನನ್ನ ಹತ್ತಿರ ಮಾತಾಡುವುದಿಲ್ಲ ಎಂದಿದ್ದಾನೆ. ಈಗಲೂ ಆಡುತ್ತಿಲ್ಲ. ಫೋನೂ ಇಲ್ಲ.

ಅಜ್ಜ, ಅವನಿಗೆ ಆಡುವ ಮನಸ್ಸಿಲ್ಲ ಎಂದು ದಯವಿಟ್ಟು ಎಲ್ಲರೆದುರು ಹೇಳಬೇಡಿ. ಮನಸ್ಸು ಅವನಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಇದಕ್ಕಿಂತ ಸ್ಪಷ್ಟವಾಗಿ ಬರೆಯಲು ಹೆದರಿಕೆ. ಅವನನ್ನು ಸ್ವಲ್ಪ ಗಮನಿಸಿ. ಬೆಳಕಿನಲ್ಲಿ ಕಣ್ಣು ಹೇಗಿರುತ್ತದೆ, ಮಾತು ಹೇಗಿರುತ್ತದೆ, ನೋಡಿ ಬರೆಯಿರಿ.

ಲಿತಿಯಾ

—

ಆಸ್‌ಗಿಲ್
ಸೋಮವಾರ, 21 ಮಾರ್ಚ್ 1994

ಲಿತಿಯಾ,

ನಿನ್ನ ಮೂರು ಪತ್ರಗಳಿಗೆ ಉತ್ತರ ಬರೆಯಲಿಲ್ಲ. ಗಮನಿಸಿ, ನೋಡಿ ಬರೆಯಿರಿ ಎಂದು ಮೂರರಲ್ಲೂ ಅದೇ. ನೋಡಿಯೇ ನೋಡುತ್ತಿದ್ದೇನೆ, ಊರೆಲ್ಲ ನೋಡುತ್ತಿದೆ. ನೀನು ತಂಗಿ, ಅಣ್ಣನ ಪರ ಮಾತಾಡುತ್ತೀಯ. ನಾನು ಸಂಘದ ಅಧ್ಯಕ್ಷ. ನನ್ನ ಮನೆಯವನು ಎಂದು ಬಿಟ್ಟರೆ ನಾಳೆ ಯಾರ ಮುಖ ನೋಡಲಿ?

ಶುಕ್ರವಾರ ಕ್ಲಬ್ಬಿನ ಸಭಾಂಗಣದಲ್ಲಿ ಸಭೆ ಕರೆದಿದ್ದೆವು. ಆಟಗಾರರೂ ಬರಬೇಕೆಂದು ಹೇಳಿದ್ದೆವು, ಹದಿಮೂರು ಜನರಲ್ಲಿ ಎಂಟು ಜನ ಬಂದರು. ಮುನ್ನೂರು ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿದ್ದರು. ಸೋಲಿಗೆ ಯಾರೂ ಏನೂ ಅನ್ನಲಿಲ್ಲ. ಎಲ್ಲರ ಪ್ರಶ್ನೆಯೂ ಒಂದೇ: ನಿಮಗೆ ನಿಜವಾಗಿ ಆಡಬೇಕೆಂದಿದೆಯೇ? ಒಬ್ಬೊಬ್ಬನೂ ಎದ್ದು ಏನೋ ಒಂದು ಹೇಳಿದ. ಸಿಕೇಲಿಯ ಸರದಿ ಬಂದಾಗ ಇಡೀ ಸಭೆ ನನ್ನ ಕಡೆ ತಿರುಗಿತು. ನಾನೇ ಕೇಳಬೇಕಾಯಿತು. ಎದ್ದು ನಿಂತು, "ನಿನಗೆ ಆಡೋ ಮನಸ್ಸಿದ್ಯೋ ಇಲ್ವೋ, ಇವರೆಲ್ಲರ ಮುಂದೆ ಹೇಳು" ಎಂದೆ.

ಅವನು ನನ್ನನ್ನೇ ನೋಡಿದ. ಹಿಂದಿನಿಂದ ಯಾರೋ ಕೂಗಿದ್ದಾನೆ, "ಅವನಿಗೆ ಮನಸ್ಸೆಲ್ಲಿ ಬಂತು ಕ್ಲಿಫ್, ಹೋದ ವಾರ ಯಾರ ಮೇಲೆ ಆಡ್ದೆ ಅಂತ ಕೇಳು, ಅದೂ ಗೊತ್ತಿರಲ್ಲ ಅವನಿಗೆ." ಎನಿಡ್ ಬರೆದು ತೋರಿಸಿದಳು. ನಾನೂ ಕೇಳಿದೆ, "ಹೇಳಪ್ಪ, ಯಾರ ಮೇಲೆ ಆಡ್ದೆ?" ಬೈಗುಳಕ್ಕೆಂದು ಕೇಳಿದ್ದು, ಉತ್ತರಕ್ಕಲ್ಲ.

ಮಗಳೇ, ಅವನು ಏನು ಮಾಡಿದ ಗೊತ್ತೇ? ಮುನ್ನೂರು ಜನರ ಎದುರಿಗೆ, ನಿಧಾನವಾಗಿ, ಎಡಗೈ ಎತ್ತಿ ಮಣಿಕಟ್ಟು ನೋಡಿಕೊಂಡ. ಬರಿಗೈ. ಪಟ್ಟಿಯೂ ಇಲ್ಲ, ಗಡಿಯಾರವೂ ಇಲ್ಲ. ತಿರುಗಿಸಿ ಆ ಮಗ್ಗುಲನ್ನೂ ನೋಡಿದ. ಸಭೆಯೆಲ್ಲ ನಕ್ಕಿತು. ನನ್ನ ಪ್ರಶ್ನೆಗೆ ನನ್ನ ಮೊಮ್ಮಗ ಹಾಗೆ ಗೇಲಿ ಮಾಡಿದ. ಆಮೇಲೆ ಕೂತುಕೊಂಡ, ಅಷ್ಟೇ. ಐವತ್ತೆಂಟು ವರ್ಷದಲ್ಲಿ ನಾನು ಆ ಸಭಾಂಗಣದಿಂದ ತಲೆ ತಗ್ಗಿಸಿ ಹೊರಬಂದದ್ದು ಅವತ್ತೊಂದೇ ದಿನ.

ಈ ಭಾನುವಾರ, ಇಪ್ಪತ್ತೇಳಕ್ಕೆ, ಊರಿನಲ್ಲಿ ಕೊನೆಯ ಆಟ. ಸೋತರೆ ಕೆಳಗಿನ ದರ್ಜೆಗೆ. ಎನಿಡ್ ಒಂದು ದಾರಿ ಹೇಳಿದಳು, ಸಭೆ ಒಪ್ಪಿತು. ಕೂಗುವುದಿಲ್ಲ, ಏನೂ ಎಸೆಯುವುದಿಲ್ಲ. ಸಿಕೇಲಿಯ ಕೈಗೆ ಚೆಂಡು ಬಂದಾಗಲೆಲ್ಲ ಇಡೀ ಮೆಟ್ಟಿಲು ಮೈದಾನಕ್ಕೆ ಬೆನ್ನು ತಿರುಗಿಸಿ ನಿಲ್ಲಬೇಕು. ಆಡುವ ಮನಸ್ಸಿಲ್ಲದವನನ್ನು ನೋಡುವ ಮನಸ್ಸು ನಮಗೂ ಇಲ್ಲ ಎಂದು ತೋರಿಸಲು. ಎಲ್ಲರೂ ಒಟ್ಟಿಗೆ ತಿರುಗಬೇಕಲ್ಲ, ಅದಕ್ಕೆ ಗುರುತು ಬೇಕು. ನಾನು ಟೋಪಿ ತೆಗೆದಾಗ. ಯಾಕೆ ನಾನು ಎಂದು ಕೇಳಬೇಡ. ಬೇರೆ ಯಾರೇ ಮಾಡಿದರೂ ಕ್ಲಿಫ್ ಸುಮ್ಮನಿದ್ದ ಎನ್ನುತ್ತಾರೆ.

ನೀನು ಬರಬೇಡ. ನೋಡುವಂಥದ್ದಲ್ಲ.

ಅಜ್ಜ

ಮರೆತಿದ್ದೆ. ನಿನಗೆ ಬರೆಯುತ್ತಿದ್ದೇನೆ ಎಂದು ತಿಳಿದು, ಎಷ್ಟೋ ದಿನದ ಮೇಲೆ ಅವನೇ ಮಾತಾಡಿದ. ಒಂದು ಸಾಲು ಸೇರಿಸಬೇಕಂತೆ, ನಾನೇ ಬರೆಯಬೇಕಂತೆ, ಅವನ ಅಕ್ಷರ ಸೊಟ್ಟ ಬರುತ್ತದಂತೆ: "ಇಲ್ಲಿ ಗಂಜಿ ಚೆನ್ನಾಗಿದೆ." ನಿಮ್ಮಜ್ಜಿ ಹೋದ ಮೇಲೆ ಈ ಮನೆಯಲ್ಲಿ ಗಂಜಿ ಕಾಸಿದವರಿಲ್ಲ. ಇದೂ ಗೇಲಿಯೇ ಇರಬೇಕು.

—

ಎಕ್ಸೆಟರ್
ಮಂಗಳವಾರ, 22 ಮಾರ್ಚ್ 1994

ಪ್ರೀತಿಯ ಅಜ್ಜನಿಗೆ,

ನಿಮ್ಮ ಪತ್ರ ಬೆಳಗಿನ ಅಂಚೆಯಲ್ಲಿ ಬಂತು. ಇದನ್ನು ಕೂತು ಓದಿ. ಎನಿಡ್ ಅತ್ತೆ ಬಂದಿದ್ದರೆ ಅವರೂ ಓದಲಿ, ಇನ್ನು ಗುಟ್ಟೇನೂ ಇಲ್ಲ. ನಾನು ಮಾತು ಮುರಿಯುತ್ತಿದ್ದೇನೆ. ನವೆಂಬರ್‌ನಲ್ಲೇ ಮುರಿಯಬೇಕಿತ್ತು.

ಅಣ್ಣ ಗೇಲಿ ಮಾಡಲಿಲ್ಲ. ಹೋದ ವಾರ ಯಾರ ಮೇಲೆ ಆಡಿದ್ದು ಎಂದು ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಅಕ್ಟೋಬರ್ ಮೂರರಿಂದ ಅವನ ತಲೆ ಸರಿ ಇಲ್ಲ. ಮಣಿಕಟ್ಟಿನಲ್ಲಿ ಅವನು ನೋಡುವುದು ಗಡಿಯಾರವನ್ನಲ್ಲ. ಆ ಪಟ್ಟಿಯ ಮೇಲೆ ಮೈದಾನದ ಹೆಸರು, ಎದುರಾಳಿಯ ಹೆಸರು, ಹೋದ ವಾರದವರ ಹೆಸರು, ಯಾವ ಕಡೆಗೆ ಓಡಬೇಕು ಎಂಬ ಬಾಣ, ಎಲ್ಲ ಬರೆದುಕೊಂಡಿರುತ್ತಾನೆ. ಡಾಕ್ಟರಿಗೆ ಉತ್ತರ ಹೇಳಿ ಆಟದಲ್ಲಿ ಉಳಿಯಲು ಮಾಡಿದ ಉಪಾಯ ಅದು. ಆದರೆ ಈಗ ಡಾಕ್ಟರು ಕೇಳದಿದ್ದರೂ ನೋಡುತ್ತಾನೆ. ಯಾಕೆಂದರೆ ಈಗ ಅದು ಅವನಿಗೇ ಬೇಕು. "ಟೈಮೆಷ್ಟಪ್ಪಾ" ಎಂದು ನೀವೆಲ್ಲ ಕೂಗುವಾಗ, ತಾನು ಎಲ್ಲಿದ್ದೇನೆ ಎಂದು ಅವನು ಓದಿಕೊಳ್ಳುತ್ತಿದ್ದ. ಶುಕ್ರವಾರ ಸಭೆಯಲ್ಲಿ ಪಟ್ಟಿ ಇರಲಿಲ್ಲ.

ಅವನು ನವೆಂಬರ್‌ನಲ್ಲಿ ನನಗೆ ಬರೆದ ಪತ್ರವನ್ನು ಇದರ ಜೊತೆಗೆ ಇಟ್ಟಿದ್ದೇನೆ. ತಾರೀಕು ನೋಡಿ.

ಊಟಕ್ಕೆ ಕೂತಾಗ ಪರದೆ ಎಳೆಯುವುದು ನಿಮ್ಮ ಮುಖ ನೋಡಲಾಗದೆ ಅಲ್ಲ. ಬೆಳಕು ಚುಚ್ಚುತ್ತದೆ.

ಇನ್ನೊಂದು ಮಾತು ನಿಮ್ಮಿಂದ ಮುಚ್ಚಿಟ್ಟಿದ್ದೆ. ಅಪ್ಪ ಚೆನ್ನಾಗಿಲ್ಲ. ನನ್ನ ಗುರುತು ಸಿಗಲಿಲ್ಲ ಅವರಿಗೆ. ಈಗಲೂ ದಿನವೂ, ಇವತ್ತು ಆಟ ಯಾರ ಮೇಲೆ ಎಂದು ಕೇಳುತ್ತಾರೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವರನ್ನು ಹೊರಗೆ ಹೊತ್ತು ತರಲಿಲ್ಲ ಎಂದು ನೀವು ಹೆಮ್ಮೆಯಿಂದ ಬರೆದಿರಿ. ಹೊತ್ತು ತರಬೇಕಿತ್ತು ಅಜ್ಜ. ಇದನ್ನು ನೋಯಿಸಲು ಬರೆಯುತ್ತಿಲ್ಲ.

ಗಂಜಿಯ ಸಾಲು ನನಗೆ ಬರೆದದ್ದು. ಹಾಸ್ಟೆಲಿನಲ್ಲಿ ನಮ್ಮಿಬ್ಬರ ಗುಟ್ಟಿನ ಮಾತು ಅದು. ನನಗೆ ಹೆದರಿಕೆಯಾಗುತ್ತಿದೆ, ಬಂದು ಕರೆದುಕೊಂಡು ಹೋಗು ಎಂದರ್ಥ. ಅವನು ಜೀವನದಲ್ಲಿ ಒಂದು ಸಲವೂ ಅದನ್ನು ಬರೆದಿರಲಿಲ್ಲ. ಈಗ ನಿಮ್ಮ ಕೈಯಿಂದ ಬರೆಸಿದ್ದಾನೆ.

ಓದಿದ ಕೂಡಲೇ ಕೆಳಗೆ ಓಡಿ ಕ್ಲಬ್ಬಿಗೆ ಫೋನ್ ಮಾಡಿದೆ. "ಸಿಕೇಲಿ ನಾಯ್‌ವಾಲು ಬಗ್ಗೆ ಮಾತಾಡಬೇಕಿತ್ತು" ಎಂದೆ. ಕಾರ್ಯದರ್ಶಿ ನಿಟ್ಟುಸಿರು ಬಿಟ್ಟರು. "ಬೆಳಗ್ಗಿಂದ ನೀವು ಹದಿನೇಳನೆಯವರು ನೋಡಮ್ಮ. ಅವನು ಮನಸ್ಸಿಟ್ಟು ಆಡ್ತಿಲ್ಲ, ನಮಗೂ ಗೊತ್ತು. ಬರೆದುಕೊಂಡಿದ್ದೀನಿ" ಎಂದು ಇಟ್ಟುಬಿಟ್ಟರು. ಮತ್ತೆ ಮಾಡಿದೆ. ತಂಗಿ ಎಂದೆ. "ಹೋದ ವಾರ ಒಬ್ಬಳು ಹೆಂಡತಿ ಅಂದಿದ್ದಳು" ಎಂದರು. ಮೂರನೆಯ ಸಲ ಯಾರೂ ಎತ್ತಲಿಲ್ಲ.

ನಾನು ಶನಿವಾರ ಮಧ್ಯಾಹ್ನದ ರೈಲಿಗೆ ಬರುತ್ತೇನೆ. ಅವನು ಕರೆದಿದ್ದಾನೆ, ಬರದೆ ಇರಲಾರೆ. ಆದರೆ ಕ್ರಿಸ್‌ಮಸ್‌ನಲ್ಲಿ ನೋಡಿದಿರಲ್ಲ, ಕರೆದುಕೊಂಡು ಹೋಗಲು ಬಂದವಳ ಜೊತೆಗೂ ಅವನು ಸುಲಭವಾಗಿ ಹೊರಡುವವನಲ್ಲ. ಭಾನುವಾರ ಬೆಳಿಗ್ಗೆ ಎದ್ದು ಚೀಲ ತೆಗೆದುಕೊಂಡುಬಿಟ್ಟರೆ ತಡೆಯುವ ಶಕ್ತಿ ನನಗಿಲ್ಲ. ನನ್ನ ಮಾತನ್ನು ಕ್ಲಬ್ಬಿನವರೂ ಕೇಳುವುದಿಲ್ಲ. ಕ್ಲಿಫರ್ಡ್ ಸಗ್ಡನ್ ಎಂದು ರುಜು ಹಾಕಿದ ಕಾಗದವನ್ನು ಅವರು ತೆರೆದು ಓದುತ್ತಾರೆ. ಅದಕ್ಕೇ ನಿಮ್ಮನ್ನು ಬೇಡುತ್ತಿದ್ದೇನೆ.

ನನ್ನನ್ನು ನಂಬಬೇಡಿ, ಬೇಕಾದರೆ. ಇವತ್ತು ಅಡುಗೆಮನೆಯ ಮೇಜಿನ ಹತ್ತಿರ ಅವನನ್ನು ಕೂರಿಸಿ, ಎರಡೂ ಕೈ ಮೇಜಿನ ಮೇಲಿಡಿಸಿ, ಮೆಲ್ಲಗೆ ಕೇಳಿ: ಹೋದ ವಾರ ಯಾರ ಮೇಲೆ ಆಡಿದೆ? ಕ್ರಿಸ್‌ಮಸ್‌ಗೆ ಮನೆಗೆ ಯಾರು ಬಂದಿದ್ದರು? ಬೈಗುಳಕ್ಕೆಂದು ಕೇಳಬೇಡಿ, ಉತ್ತರಕ್ಕೆಂದು ಕೇಳಿ. ಸರಿಯಾಗಿ ಹೇಳಿದರೆ ನಾನು ಸುಳ್ಳುಗಾತಿ, ಈ ಕಾಗದವನ್ನು ಒಲೆಗೆ ಹಾಕಿ. ಹೇಳದಿದ್ದರೆ ಡಾಕ್ಟರ ಮನೆಗೆ ಹೋಗಿ, ಪಟ್ಟಿ ಬಿಚ್ಚಿಸಿ ಪ್ರಶ್ನೆ ಕೇಳಿ ಎಂದು ಹೇಳಿ. ಅಷ್ಟು ಸಾಕು.

ಊಟ ಮಾಡಲಾಗುತ್ತಿಲ್ಲ ಅಜ್ಜ. ಕಣ್ಣು ಮುಚ್ಚಿದರೆ ಒಂದೇ ಕಾಣುತ್ತದೆ. ಅವನ ಕೈಗೆ ಚೆಂಡು ಬರುತ್ತದೆ, ನೀವು ಟೋಪಿ ತೆಗೆಯುತ್ತೀರಿ, ಇಡೀ ಊರು ಬೆನ್ನು ತಿರುಗಿಸುತ್ತದೆ. ಅವನು ಬೀಳುತ್ತಾನೆ. ಈ ಸಲ ಏಳುವುದಿಲ್ಲ. ಎರಡು ಸಾವಿರ ಜನ ಮೈದಾನದಲ್ಲಿದ್ದಾರೆ, ಒಬ್ಬರೂ ನೋಡುತ್ತಿಲ್ಲ. ನಿಮಗೆ ಕೇಳಿಸುವುದೂ ಇಲ್ಲ.

ಅಷ್ಟಾದರೂ ಅವನು ಆಡಿಯೇ ಬಿಟ್ಟರೆ, ಟೋಪಿ ನಿಮ್ಮ ತಲೆಯ ಮೇಲೇ ಇರಲಿ. ಊರಿನವರು ಏನಾದರೂ ಅನ್ನಲಿ. ನೀವೊಬ್ಬರಾದರೂ ಅವನನ್ನೇ ನೋಡುತ್ತಿರಿ.

ಬುಧವಾರ ಐದು ಗಂಟೆಯ ಡಬ್ಬಿಗೆ ಹಾಕಿದರೆ ನಿಮ್ಮ ಉತ್ತರ ಗುರುವಾರ ಬೆಳಿಗ್ಗೆ ನನ್ನ ಕೈಗೆ ಬರುತ್ತದೆ. ಅವನು ಏನು ಉತ್ತರ ಹೇಳಿದ, ಅಷ್ಟೇ ಬರೆಯಿರಿ. ದಯವಿಟ್ಟು ಬೇಗ ಬರೆಯಿರಿ.

ನಿಮ್ಮ,
ಲಿತಿಯಾ